ಸವಣೂರಿನ ನಾಲ್ಕಿಪ್ಪತ್ತು

ಯಲವಿಗಿ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಹುಬ್ಬಳ್ಳಿ ರೈಲು ತಡ. ನಾನು ಫ್ರೆಂಚ್ ಕಲಿಸುವ ಕಾಲೇಜಿನಲ್ಲಿ ಈ ವರ್ಷ ಪಿಯುಸಿಗೆ ಆ ಭಾಷೆ ತೆಗೆದುಕೊಂಡಿದ್ದವಳು ಸವಣೂರಿನ ರೇಣುಕಾ ಒಬ್ಬಳೇ. ಫ್ರೆಂಚ್ ವಿಭಾಗ ಮುಚ್ಚಿತೆಂದು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಅವಳ ಮನೆಗೆ ಹೋಗಿದ್ದೆ.

ಪಡಸಾಲೆಯಲ್ಲಿ ಅವಳೂ ಅಜ್ಜಿಯೂ ವೀಳ್ಯದೆಲೆ ಎಣಿಸಿ ಕಟ್ಟುತ್ತಿದ್ದರು. ಅಜ್ಜಿಯದು ಇಪ್ಪತ್ತರ ಲೆಕ್ಕ, ಎಂಬತ್ತಕ್ಕೆ ‘ನಾಲ್ಕಿಪ್ಪತ್ತು’. ರೇಣುಕಾ ಫ್ರೆಂಚಿನಲ್ಲಿ ಎಣಿಸುತ್ತಿದ್ದಳು.

“ಫ್ರೆಂಚಿನ್ಯಾಗೂ ಎಂಬತ್ತಕ್ಕ ನಾಕಿಪ್ಪತ್ತ ಅಂತಾರಲ್ರಿ ಮೇಡಂ! ನಮ್ಮಜ್ಜಿ ಸಾಲಿ ಕಟ್ಟೀನೂ ಹತ್ತಿಲ್ಲ” ಎಂದು ನಕ್ಕಳು. ಇಷ್ಟು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದೇ ಇರಲಿಲ್ಲ.

“ಅದನ್ನ ಕಲತ್ರ ಹುಡುಗಿಗೆ ಏನ ಉಪಯೋಗ ಆಕ್ಕೈತ್ರಿ?” ಅಜ್ಜಿ ಕೇಳಿದರು.

ಪ್ರವೇಶದ ದಿನ ಇದೇ ಪ್ರಶ್ನೆಗೆ ಎಷ್ಟು ಉತ್ಸಾಹದಿಂದ ಉತ್ತರಿಸಿದ್ದೆ! ಒಳ್ಳೆಯ ಅಂಕ, ಅನುವಾದದ ಕೆಲಸ, ಇನ್ನೊಂದು ಜಗತ್ತಿನ ಪುಸ್ತಕಗಳು. ಈಗ ವಿಭಾಗ ಮುಚ್ಚಿದ ಸುದ್ದಿಯನ್ನಷ್ಟೇ ಹೇಳಿದೆ.

“ನಾ ಒಬ್ಬಾಕಿ ಇದ್ರ ಕಲಸೂದಿಲ್ಲೇನ್ರಿ?” ಎಂದಳು ರೇಣುಕಾ.

ಇಲ್ಲವೆಂದೆ. ಅವಳ ಎಣಿಕೆ ತಪ್ಪಿತು. ಎಲೆಗಳನ್ನೆಲ್ಲ ಮತ್ತೆ ಹರವಿಕೊಂಡು ಒಂದರಿಂದ ಶುರು ಮಾಡಿದಳು, ಕನ್ನಡದಲ್ಲಿ.