ಹಸು ಬಂದ ಮನೆಗೆ ಬೆಕ್ಕು ಬರಲಿಲ್ಲ

ಗೃಹಪ್ರವೇಶದ ದಿನ ಬೆಕ್ಕನ್ನು ಹಳೆ ಮನೆಯಲ್ಲೇ ಬಿಟ್ಟು ಬರೋಣ ಎಂದವಳು ನಾನೇ. ಪುರೋಹಿತರು ಹೇಳಿರಲಿಲ್ಲ, ನೆಂಟರಲ್ಲಿ ಯಾರೂ ಹೇಳಿರಲಿಲ್ಲ, ನನ್ನ ಗಂಡನಿಗಂತೂ ಅಂಥದ್ದೆಲ್ಲ ತಲೆಗೇ ಹೋಗುವುದಿಲ್ಲ. ಹೊಸ ಮನೆಗೆ ಕಾಲಿಡುವ ಹೊತ್ತಿಗೆ ಬೆಕ್ಕು ಅಡ್ಡ ಬಂದರೆ ನಾಲ್ಕು ಜನ ಏನೆಂದುಕೊಂಡಾರು ಎಂದು ನನಗೇ ಅಳುಕು. "ಒಂದು ರಾತ್ರಿ ತಾನೆ?" ಎಂದೆ. ಅತ್ತಿಗುಪ್ಪೆಯ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಒಂದು ಬಟ್ಟಲು ಮೊಸರನ್ನ ಇಟ್ಟು, ಬೀಗ ಹಾಕಿಕೊಂಡು, ಮಲ್ಲತ್ತಹಳ್ಳಿಯ ಹೊಸ ಮನೆಗೆ ಬಂದುಬಿಟ್ಟೆವು. ಕಾಲೇಜಿಗೆ ಹೋಗುವ ಮಗಳು ಯಾಕೆಂದು ಕೇಳಿದಳು. "ದೊಡ್ಡೋರು ಹೇಳಿದಾರೆ ಕಣೇ, ಸುಮ್ನಿರು" ಎಂದು ಬಾಯಿ ಮುಚ್ಚಿಸಿದೆ.

ಹೊಸ ಮನೆಯನ್ನು ಮೊದಲು ಹೊಕ್ಕಿದ್ದು ಹಸು. ಟೆಂಪೋದಲ್ಲಿ ಬಂದಿಳಿದ, ನಮಗೆ ಗುರುತು ಪರಿಚಯವಿಲ್ಲದ ಹಸು. ಕೊಂಬಿಗೆ ಹೂವು ಸುತ್ತಿ, ಅರಿಸಿನ ಕುಂಕುಮ ಹಚ್ಚಿ, ಬಾಳೆಹಣ್ಣು ತಿನ್ನಿಸಿ ಒಳಗೆ ಕರೆದುಕೊಂಡೆವು. ಅದು ಹಾಲ್‌ನ ನಟ್ಟನಡುವೆ, ಹೊಸ ಟೈಲ್ಸ್ ಮೇಲೆ ಸೆಗಣಿ ಹಾಕಿತು. ಒಳ್ಳೇ ಶಕುನ ಎಂದು ಎಲ್ಲರೂ ಹಿಗ್ಗಿದರು, ನಾನೂ ಹಿಗ್ಗಿದೆ. ಒಂಬತ್ತು ವರ್ಷ ನನ್ನ ಕಾಲ ಬಳಿ ಮಲಗಿದ ಬೆಕ್ಕು ಆ ಹೊತ್ತಿಗೆ ಬೀಗದೊಳಗಿತ್ತು. ಹಾಲುಕ್ಕಿಸಿದ ಮನೆಯಲ್ಲಿ ಅವತ್ತು ದೀಪ ಆರಬಾರದು, ಮನೆಯವರು ಅಲ್ಲೇ ಮಲಗಬೇಕು ಎಂದು ಮೂವರೂ ಇಲ್ಲೇ ಉಳಿದೆವು. ಮರುದಿನ ಹೋಗಿ ನೋಡಿದರೆ ಮೊಸರನ್ನ ಹಾಗೇ ಇತ್ತು. ಕಿಟಕಿಯ ಮೆಶ್ ಒಂದು ಮೂಲೆಯಲ್ಲಿ ಕಿತ್ತು ಬಂದಿತ್ತು.

ವಾರವಾದರೂ ಬೆಕ್ಕಿನ ಸುಳಿವಿಲ್ಲದಾಗ ಮಗಳು ಫೋನಿನಲ್ಲಿ ಒಬ್ಬರನ್ನು ಹುಡುಕಿದಳು. ಪ್ರಾಣಿಗಳ ಜೊತೆ ಮನಸ್ಸಿನಲ್ಲೇ ಮಾತಾಡುವವರಂತೆ. "ಫೋಟೋ ಕಳಿಸಿದ್ರೆ ಸಾಕಮ್ಮ. ಕಣ್ಣು ಮಾತ್ರ ಚೆನ್ನಾಗಿ ಕಾಣ್ಬೇಕಂತೆ." ಬೇರೆ ದಿನವಾಗಿದ್ದರೆ ನಕ್ಕು ಸಾಕಾಗುತ್ತಿತ್ತು. ಆದರೆ ಬೆಕ್ಕು ಅಡ್ಡ ಬಂದರೆ ಕೆಡುಕು ಎಂದು ಹೆದರಿದವಳು ನಾನು, ಇದನ್ನು ನಂಬುವುದಿಲ್ಲ ಎನ್ನಲು ಯಾವ ಮುಖವಿತ್ತು?

ವಿಡಿಯೋ ಕಾಲ್‌ನಲ್ಲಿ ಬಂದಾಕೆ ಚಿಕ್ಕ ವಯಸ್ಸಿನವಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಳು. "ಬದುಕಿದಾಳೆ ಆಂಟಿ. ಹಸಿರು ಗೇಟ್ ತೋರಿಸ್ತಿದಾಳೆ. ನೀರು ಬೀಳೋ ಸದ್ದು. ಮೇಲ್ಗಡೆ ಏನೋ ಗಡಗಡ ಅಂತ ಹೋಗುತ್ತೆ."

"ಮೆಟ್ರೋ!" ಎಂದು ಮಗಳು ಎದ್ದೇ ನಿಂತಳು.

ಅತ್ತಿಗುಪ್ಪೆಯಲ್ಲಿ ಮೆಟ್ರೋ ಸದ್ದು ಯಾರಿಗೆ ತಾನೆ ಕೇಳಿಸುವುದಿಲ್ಲ? ಬೀದಿಗೆ ನಾಲ್ಕು ಹಸಿರು ಗೇಟು, ಮನೆಗೊಂದು ತುಂಬಿ ಸುರಿಯುವ ಟ್ಯಾಂಕು. ಆದರೂ ಹೋದೆವು. ದಿನಾ ಸಂಜೆ ಮಗಳು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವಳು, ಕ್ರಾಸಿನಿಂದ ಕ್ರಾಸಿಗೆ ನಡೆಯುವೆವು. ಗೇಟಿನ ಸಂದಿ, ನಿಂತ ಕಾರಿನ ಅಡಿ, ಸಂಪಿನ ಪಕ್ಕ ಎಲ್ಲ ಕಡೆ ಬಗ್ಗಿ ನೋಡುವುದು, "ಬಾ ಪುಟ್ಟಾ, ಬಾ" ಎಂದು ಕೂಗುವುದು. ಮೊದಮೊದಲು ಕೂಗಲು ನಾಚಿಕೆಯಾಗುತ್ತಿತ್ತು, ಆಮೇಲೆ ನಾಚಿಕೊಳ್ಳಲೂ ತ್ರಾಣ ಉಳಿಯಲಿಲ್ಲ. ಪಾದ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಒಂದು ಮನೆಯ ಮುಂದೆ ಗಿಡಕ್ಕೆ ನೀರು ಹಾಕುತ್ತಿದ್ದ ಹಿರಿಯರೊಬ್ಬರು, "ಬೆಕ್ಕಾ? ಯೋಚ್ನೆ ಬಿಡಿಮ್ಮ, ಅದಕ್ಕೆ ಮನೆ ಗೊತ್ತಿರುತ್ತೆ" ಎಂದರು. ತಲೆಯಾಡಿಸಿ ಮುಂದಕ್ಕೆ ಹೋದೆ.

ಹುಡುಕಾಟದ ಮೂರನೆಯ ವಾರ ಆ ಹುಡುಗಿ ಮತ್ತೆ ಕಾಲ್ ಮಾಡಿದಳು. ಈ ಸಲ ಬೆಕ್ಕಿನ ಜೊತೆ ನಾನೇ ಮಾತಾಡಬೇಕಂತೆ. "ಕಣ್ಮುಚ್ಚಿ ಆಂಟಿ. ಮನೇನ ಅವಳಿಗೆ ಚಿತ್ರದ ಥರ ತೋರ್ಸಿ. ಬಾಗ್ಲು, ಅವಳು ಮಲಗೋ ಜಾಗ, ಎಲ್ಲಾ."

ಕಣ್ಣು ಮುಚ್ಚಿದೆ. ಹೊಸ ಬಾಗಿಲು ಕಂಡಿತು. ಒಳಗೆ ಬೆಕ್ಕು ಮಲಗುವ ಜಾಗ ಎಂದು ಯಾವುದನ್ನು ತೋರಿಸಲಿ? ಅದು ಈ ಮನೆಯನ್ನು ನೋಡಿಯೇ ಇಲ್ಲ. ಅದಕ್ಕೆ ಗೊತ್ತಿರುವ ಮನೆಗೆ ಆಗಲೇ ಸುಣ್ಣ ಬಳಿದು ಬೇರೆಯವರಿಗೆ ಕೊಟ್ಟಾಗಿತ್ತು. ದಾರಿ ಹುಡುಕಿಕೊಂಡು ಅಲ್ಲಿಗೆ ಬಂದರೂ ಬಾಗಿಲು ತೆಗೆಯುವವರು ನಾವಲ್ಲ.

"ಆಗ್ತಿಲ್ಲಮ್ಮ" ಎಂದೆ.

"ಹೋಗ್ಲಿ ಬಿಡಿ. ಅವತ್ತು ಯಾಕೆ ಬಿಟ್ಟು ಹೋದ್ರಿ ಅಂತಾನಾದ್ರೂ ಹೇಳಿ. ಬಾಯ್ಬಿಟ್ಟೇ ಹೇಳಿ, ಪರವಾಗಿಲ್ಲ. ನಿಜ ಹೇಳಿ."

ಮಗಳು ಪಕ್ಕದಲ್ಲೇ ಫೋನ್ ಹಿಡಿದು ಕೂತಿದ್ದಳು. ದೊಡ್ಡವರು ಹೇಳಿದರು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೂರು ವಾರ ನಡೆದು ನಡೆದು ಸುಳ್ಳನ್ನು ಹೊತ್ತುಕೊಳ್ಳುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ.

"ಯಾರೂ ಹೇಳಿರ್ಲಿಲ್ಲ ಕಣೇ" ಎಂದೆ, ಬೆಕ್ಕಿಗೆ. "ನಾನೇ ಬೇಡ ಅಂದೆ. ಅವತ್ತೊಂದು ದಿನ ನೀನು ಮನೇಲಿರೋದು ಬೇಡ ಅನ್ನಿಸ್ತು."

ಅತ್ತುಬಿಟ್ಟೆ. ಆ ಹುಡುಗಿ ಏನೋ ಸಮಾಧಾನ ಹೇಳುತ್ತಿದ್ದಳು, ಬೆಕ್ಕಿಗೆ ಕೋಪವಿಲ್ಲವಂತೆ. ಮಗಳು ಫೋನನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಮರುದಿನ ಸಂಜೆ ಎಂದಿನಂತೆ ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಮಗಳು ಸ್ಕೂಟರಿನ ಕೀ ಹಿಡಿದು ಬಾಗಿಲಲ್ಲಿ ನಿಂತಳು. ಬೈದಿದ್ದರೆ ವಾಸಿಯಿತ್ತು. ಮೆತ್ತಗೆ ಹೇಳಿದಳು:

"ನೀನು ಬರ್ಬೇಡಮ್ಮ. ನಾನೇ ಕರೀತೀನಿ. ನಿನ್ ದನಿ ಕೇಳಿದ್ರೆ ಅದು ಬರಲ್ವೇನೋ."