ಹೊಸ್ತಿಲ ಮುಂದಿನ ಮೀನು

ಐವತ್ತು ದಾಟಿದ ಇಬ್ಬರು ಗಂಡಸರು ಕೆಲಸಕ್ಕೆ ಚಕ್ಕರ್ ಹೊಡೆದು ಮೀನು ಹಿಡಿಯಲು ಹೋಗುತ್ತಾರೆಂದರೆ ಅದಕ್ಕೊಂದು ಘನವಾದ ಕಾರಣ ಇರಬೇಕು. ನಮಗೆ ಇತ್ತು. ನನ್ನ ಗೆಳೆಯನ ತಾಯಿ ಇಪ್ಪತ್ತು ದಿನದಿಂದ ಊಟ ಬಿಟ್ಟಿದ್ದರು.

ಅವರಿಗೆ ಜ್ವರ ಬಂದಿತ್ತು, ಹೋಯಿತು. ಹೋಗುವಾಗ ಬಾಯಿರುಚಿಯನ್ನೂ ಜೊತೆಗೆ ಒಯ್ದಿತು. ಏನು ಕೊಟ್ಟರೂ ಹೊಟ್ಟು ತಿಂದ ಹಾಗೆ ಆಗುತ್ತದೆ ಎಂದು ತಾಟು ಸರಿಸಿ, ಎರಡು ಗುಟುಕು ಗಂಜಿಯಲ್ಲೇ ದಿನ ಕಳೆಯುವರು. ರಿಪೋರ್ಟೆಲ್ಲ ಚೆನ್ನಾಗಿದೆ, ಆದರೆ ಹೀಗೇ ಉಪವಾಸ ಬಿದ್ದರೆ ಮತ್ತೆ ದವಾಖಾನೆಗೆ ಸೇರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಗೆಳೆಯನ ತಾಯಿಯನ್ನು ನಾನು ಮಾತು ಬಂದಾಗಿನಿಂದ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆದವನು. ನಾವಿಬ್ಬರೂ ಹಳೆ ಬಾಗಲಕೋಟೆಯ ಒಂದೇ ಓಣಿಯವರು. ಅವರದು ಮುಸಲ್ಮಾನರ ಮನೆ, ನಮ್ಮದು ಬೀರಪ್ಪನ ಒಕ್ಕಲು. ಅಣೆಕಟ್ಟಿನ ಹಿನ್ನೀರು ಬಂದು ಓಣಿ ಮುಳುಗಿದ ಮೇಲೆ ಎರಡೂ ಮನೆಯವರು ನವನಗರಕ್ಕೆ ಬಂದೆವು. ಗೆಳೆಯ ಅಲ್ಲಿ ದರ್ಜಿ ಅಂಗಡಿ ಇಟ್ಟ, ನಾನು ಆಫೀಸಿನಲ್ಲಿ ಗುಮಾಸ್ತನಾದೆ.

ಏನು ತಿನ್ನಬೇಕು ಅನಿಸುತ್ತದೆ ಎಂದು ಕೇಳಿ ಕೇಳಿ ಸಾಕಾದಾಗ ಖಾಲಾ ಒಂದು ದಿನ, ನಮ್ಮ ಹೊಸ್ತಿಲ ಮುಂದಿನ ಮೀನು ಬೇಕು ಎಂದರಂತೆ. ಅವರು ಮದುವೆಯಾಗಿ ಬಂದ ವರ್ಷ ಹೊಳೆ ಏರಿ ಓಣಿಯೊಳಗೆ ನೀರು ಬಂದಿತ್ತು. ಹೊಸ ಸೊಸೆ ಹೊಸ್ತಿಲ ಮೇಲೆ ನಿಂತು ಹಿಟ್ಟಿನ ಸಾಣಿಗೆಯಲ್ಲಿ ಮೀನು ಬಾಚಿ ಸಾರು ಮಾಡಿದ್ದರು. ಆ ರುಚಿ ಮತ್ತೆ ಸಿಗಲಿಲ್ಲ ಎಂಬುದು ಅವರ ಐವತ್ತೈದು ವರ್ಷಗಳ ತಕರಾರು. ಗೆಳೆಯ ಬಲು ಶಾಣ್ಯಾ. ಪೇಟೆಯ ಮೀನು ತಂದು ಅಲ್ಲಿಯದೇ ಎಂದು ಹೇಳಿದ. ಅದು ಬರ್ಫ್ ಕಂಡ ಮೀನು ಎಂದು ಖಾಲಾ ಮೂಗಿನಿಂದಲೇ ಹೇಳಿಬಿಟ್ಟರು. ಎರಡನೇ ಸಲ ತಂದಾಗ ತನ್ನ ತಲೆ ಮುಟ್ಟಿ ಆಣೆ ಮಾಡಿ ಹೇಳು ಎಂದರು. ಅವನಿಂದ ಆಗಲಿಲ್ಲ.

ಹಾಗಾಗಿ ಪುಷ್ಯ ಮಾಸದ ಒಂದು ಬೆಳಗ್ಗೆ ನಾನು ಆಫೀಸಿಗೆ ಹೊಟ್ಟೆನೋವೆಂದು ಫೋನು ಮಾಡಿದೆ. ಗೆಳೆಯ ಅಂಗಡಿಗೆ ಬೀಗ ಜಡಿದು ಸ್ಕೂಟರ್ ತಂದ. ನನ್ನ ತಾಯಿ ನನ್ನ ಹಣೆಗೆ ಬೀರಪ್ಪನ ಭಂಡಾರ ಹಚ್ಚುವಾಗ ಅವನೂ ಹಣೆ ಚಾಚಿದ. ಇಬ್ಬರೂ ಅರಿಸಿನದ ಮುಖ ಮಾಡಿಕೊಂಡು, ಕೋಲು, ಗಾಳ, ಎರೆಹುಳದ ಡಬ್ಬಿ ಹಿಡಿದು, ಚಳಿಗೆ ಹಲ್ಲು ಕಟಕಟಿಸುತ್ತ ಹೊರಟೆವು. ನಮ್ಮದು ಕುರಿ ಸಾಕಿದ ಮನೆತನ. ಜೀವಂತ ಮೀನನ್ನು ನಾನು ಆವರೆಗೆ ಮುಟ್ಟಿರಲಿಲ್ಲ. ಗೆಳೆಯ ಹಿಡಿದದ್ದು ಸೂಜಿ ಮಾತ್ರ.

ಹಳೆ ಊರಿನ ಅಂಚಿನಲ್ಲಿ ರಸ್ತೆ ಸುಮ್ಮನೆ ನೀರಿಗೆ ಇಳಿದುಬಿಡುತ್ತದೆ. ಆಚೆಗೆ ಆಪಿನ ಹುಲ್ಲು, ಜೇಕು, ಕೆಸರು, ನಡುನಡುವೆ ಮೊಳಕಾಲುದ್ದ ನೀರು. ಬಾಗಿಲು, ತೊಲೆಗಳನ್ನೆಲ್ಲ ನಾವೇ ಬಿಚ್ಚಿಕೊಂಡು ಹೋಗಿದ್ದೆವು. ಮಣ್ಣಿನ ಗೋಡೆಗಳು ಕರಗಿ, ನೀರಿನಡಿ ಉಳಿದದ್ದು ಮನೆಗಳ ಕಲ್ಲಿನ ಕಟ್ಟೆಗಳಷ್ಟೇ. ಗೆಳೆಯ ಕೊರಳಲ್ಲಿ ನೇತುಹಾಕಿಕೊಂಡ ಟೇಪು ತೆಗೆದು ಅಳೆಯತೊಡಗಿದ. ನೀರಿನ ಅಂಚಿನಿಂದ ಓಣಿಯ ಮೂಲೆಗೆ ಎಷ್ಟು, ಮೂಲೆಯಿಂದ ಬಾಗಿಲಿಗೆ ಎಷ್ಟು ಎಂದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದನಂತೆ. ಬ್ಲೌಸಿಗೆ ಅಳತೆ ಹಿಡಿದ ಹಾಗೆ ಇಂಚಿಂಚು ಹಿಡಿಯುತ್ತ ಬಗ್ಗಿ ಹೋಗುತ್ತಿದ್ದ. ನನಗೆ ತಡೆಯಲಾಗಲಿಲ್ಲ, ಅಡ್ಡ ಹಾಯ್ದು ನೇರವಾಗಿ ನಡೆದೆ.

"ಲೇ, ಮಂದಿ ಪಡಸಾಲ್ಯಾಗ ಹಾದು ಹೊಂಟಿಯಲ್ಲೋ, ನಾಚಿಕಿ ಬರೂದಿಲ್ಲೇನು" ಎಂದು ಹಿಂದಿನಿಂದ ಬೈದ.

ಸುತ್ತ ನೀರು, ಹುಲ್ಲು, ದೂರದಲ್ಲಿ ಬಾತುಕೋಳಿಗಳು. ಯಾವ ಪಡಸಾಲೆ? ಆದರೂ ನನಗೆ ನಿಜವಾಗಿ ನಾಚಿಕೆಯಾಯಿತು. ತಿರುಗಿ ಬಂದು ಅವನ ಹಿಂದೆ ಓಣಿ ಹಿಡಿದು, ಮೂಲೆಯಲ್ಲಿ ಮೂಲೆ ತಿರುಗಿದ ಹಾಗೆಯೇ ತಿರುಗಿ ನಡೆದೆ. ದಂಡೆಯಲ್ಲಿ ಯಾರಾದರೂ ನಿಂತಿದ್ದರೆ ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು.

ಕೊನೆಗೆ ಅವನ ಕಾಲಿಗೆ ಒಂದು ಮೆಟ್ಟಿಲು ತಗುಲಿತು. ಇದೇ ನಮ್ಮ ಮನೆ ಎಂದ. ಎಂದವನೇ, ಎಷ್ಟೋ ವರ್ಷದ ರೂಢಿ ನೋಡಿ, ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಮೇಲೆ ಹತ್ತಿದ. ನಾನೂ ಬಿಟ್ಟೆ. ಖಾಲಾ ಚಪ್ಪಲಿ ಕಾಲಲ್ಲಿ ಯಾರನ್ನೂ ಒಳಗೆ ಬಿಟ್ಟವರಲ್ಲ. ನಾಲ್ಕೂ ರಬ್ಬರ್ ಚಪ್ಪಲಿಗಳು ಪುಳಕ್ಕನೆ ಮೇಲೆದ್ದು, ಗಾಳಿಗೆ ಮೈಕೊಟ್ಟು, ಜಾತ್ರೆಗೆ ಹೊರಟವರಂತೆ ಸಾಲಾಗಿ ಹೊರಟವು. ಗೆಳೆಯ ಹಾರಿ ಒಂದನ್ನು ಹಿಡಿಯಲು ಹೋಗಿ ಕೆಸರಿನಲ್ಲಿ ಕುಂಡೆಯೂರಿ ಕುಳಿತ. ಎತ್ತಲು ಹೋದ ನಾನು ಅವನ ಮೇಲೆ ಬಿದ್ದೆ. ಚಪ್ಪಲಿಗಳು ಆಪಿನೊಳಗೆ ಮಾಯವಾದವು. ನಗು ಹತ್ತಿತೆಂದರೆ ನಿಲ್ಲಲೇ ಇಲ್ಲ. ಅವನು ಉಸಿರು ಸಿಗದೆ ನನ್ನ ಭುಜ ಗುದ್ದುತ್ತಿದ್ದ.

ನೀರಿನಿಂದ ಗೇಣು ಕೆಳಗಿದ್ದ ಕಟ್ಟೆಯ ಮೇಲೆ ಕುಳಿತು ಎರಡು ತಾಸು ಗಾಳ ಹಾಕಿದೆವು. ಸೊಂಟದ ಕೆಳಗೆಲ್ಲ ತಣ್ಣಗೆ ಮರಗಟ್ಟಿತು. ಮೀನುಗಳು ಹುಳ ತಿಂದು ಗಾಳವನ್ನು ತೊಳೆದಿಟ್ಟ ಚಮಚದಂತೆ ವಾಪಸು ಕೊಡುತ್ತಿದ್ದವು. ಹರಗೋಲಿನಲ್ಲಿ ಬಲೆ ಎತ್ತಿಕೊಂಡು ಹೋಗುತ್ತಿದ್ದ ಒಬ್ಬ ಮೀನುಗಾರ ನಮ್ಮನ್ನು ನೋಡಿ ಮರುಕಗೊಂಡು, ಒಂದು ದೊಡ್ಡ ರೋಹು ಮೀನು ಎತ್ತಿ ಹಿಡಿದ, ಬೇಕಾದರೆ ಸುಮ್ಮನೆ ಒಯ್ಯಿರಿ ಎಂದ. ನನ್ನ ಕೈ ಮುಂದೆ ಹೋಗಿಯೇಬಿಟ್ಟಿತ್ತು. ಗೆಳೆಯ ನನ್ನ ಕೈ ಹಿಡಿದು ಹಿಂದಕ್ಕೆಳೆದ. ಅವನ ಮುಖದಲ್ಲಿ ನಗು ಇರಲಿಲ್ಲ. ಇವತ್ತೂ ಬರಿಗೈಯಲ್ಲಿ ಹೋದರೆ ಅಮ್ಮ ಗಂಜಿಯನ್ನೂ ಬಿಡುತ್ತಾಳೆ, ಸುಳ್ಳು ಹೇಳಿದರೆ ನನ್ನನ್ನೇ ಬಿಡುತ್ತಾಳೆ ಎಂದು ಮೆಲ್ಲಗೆ ಹೇಳಿದ. ನಾನು ಗಾಳಕ್ಕೆ ಹೊಸ ಹುಳ ಸಿಕ್ಕಿಸಿದೆ.

ಆಗಲೇ ಫೋನು ಬಂತು. ಖಾಲಾ. ಗೆಳೆಯ ನೆನೆಯದೆ ಉಳಿದಿದ್ದ ಮೇಲ್ಜೇಬಿನಿಂದ ಫೋನು ತೆಗೆದು ಸ್ಪೀಕರ್ ಹಾಕಿದ. ದನಿ ಬಾವಿಯೊಳಗಿನಿಂದ ಬಂದಷ್ಟು ಸಣ್ಣಗಿತ್ತು. ಎಲ್ಲಿ ಕುಳಿತಿದ್ದೀರಿ ಎಂದು ಕೇಳಿದರು. ನಮ್ಮ ಕಟ್ಟೆಯ ಮೇಲೆಯೇ ಎಂದೆವು.

"ಬಿಸಲ ಮಾರಿಗೆ ಬಡೀತೈತೋ, ಬೆನ್ನಿಗೋ?"

ಬೆನ್ನಿಗೆ ಎಂದೆ. ಆ ಬಿಸಿಲೊಂದೇ ನಮಗೆ ಸುಖವಾಗಿತ್ತು.

"ನಮ್ಮದು ಮೂಡಲ ಮಾರಿ ಮನಿ. ನೀವು ಎದರ ಮನಿ ಕಟ್ಟಿ ಮ್ಯಾಲ ಕುಂತೀರಿ, ಮೂಳಗಳ್ರ್ಯಾ."

ಎದುರು ಮನೆಯ ಅಜ್ಜ ನಮ್ಮ ಬಾಲ್ಯವಿಡೀ ಆ ಕಟ್ಟೆಯ ಮೇಲೆ ನಮಗೆ ಕುಂಡೆಯೂರಲು ಬಿಟ್ಟಿರಲಿಲ್ಲ, ಬಡಿಗೆ ಹಿಡಿದೇ ಕೂರುತ್ತಿದ್ದ. ಇಬ್ಬರೂ ದಡಬಡ ಎದ್ದು ನಿಂತೆವು. ಎದ್ದ ಮೇಲೆ ಒಬ್ಬರ ಮುಖ ಒಬ್ಬರು ನೋಡಿ ಮತ್ತೆ ನಗು. ಇಡೀ ಓಣಿಯನ್ನು ಇಂಚಿನಲ್ಲಿ ಅಳೆದ ದರ್ಜಿ ಕೊನೆಗೆ ಎಡ ಬಲ ತಪ್ಪಿದ್ದ! ಫೋನಿನಲ್ಲಿ ಖಾಲಾನ ದನಿ ಸ್ವಲ್ಪ ಏರಿತು. ಓಣಿ ದಾಟಿರಿ, ಕಟ್ಟೆ ಸಿಕ್ಕರೆ ನಂಬಬೇಡಿ, ನೀವು ಹುಡುಗರಿದ್ದಾಗ ಮೊಳೆಯಿಂದ ಚೌಕಾಬಾರ ಆಟದ ಮನೆ ಕೊರೆದಿದ್ದಿರಲ್ಲ, ಅದನ್ನು ಕಾಲುಬೆರಳಿನಿಂದ ತಡಕಿರಿ ಎಂದರು. ಕಲ್ಲು ಕೆಡಿಸಿದ್ದಕ್ಕೆ ಅವತ್ತು ಇಬ್ಬರಿಗೂ ಅವರಿಂದಲೇ ಏಟು ಬಿದ್ದಿದ್ದವು.

ಓಣಿ ದಾಟಿ ಆಚೆಯ ಕಟ್ಟೆಯ ಮೇಲೆ ಇಬ್ಬರೂ ಬರಿಗಾಲಲ್ಲಿ ರಾಡಿ ಸರಿಸುತ್ತ ಹೆಜ್ಜೆಯಿಟ್ಟೆವು. ನನ್ನ ಹೆಬ್ಬೆರಳು ಒಂದು ಗೆರೆಗೆ ಸಿಕ್ಕಿತು. ಆ ಗೆರೆ ಅಡ್ಡ ಹೋಯಿತು, ಇನ್ನೊಂದು ಸಿಕ್ಕಿತು, ನಡುವಿನ ಮನೆಯ ಕತ್ತರಿ ಗೆರೆ ಸಿಕ್ಕಿತು. ಗೆಳೆಯನ ಕಾಲನ್ನು ಹಿಡಿದು ಅದರ ಮೇಲೆ ಇಟ್ಟೆ. ಅವನು ಕಣ್ಣು ಮುಚ್ಚಿಕೊಂಡ. ಚಪ್ಪಲಿ ಇದ್ದಿದ್ದರೆ ಅದು ನಮಗೆ ಜನ್ಮದಲ್ಲಿ ಸಿಗುತ್ತಿರಲಿಲ್ಲ. ನನಗೆ ಆ ಗಳಿಗೆಯಲ್ಲಿ ಎಷ್ಟು ಖುಷಿಯಾಯಿತೆಂದರೆ ನೀರಿನಲ್ಲೇ ಎರಡು ಸಲ ಕುಣಿದೆ.

"ಸಿಕ್ತೇನು?" ಖಾಲಾ ಕೇಳಿದರು. "ಈಗ ಎಡಕ್ಕ ಬಗ್ರಿ. ಬಚ್ಚಲ ಮೋರಿ ಐತಿ. ಮೀನ ಅದರಾಗ ಅಡಗ್ತಾವು."

ಅಲ್ಲಿಂದ ಮುಂದಿನದು ಖಾಲಾನ ಕಾರುಬಾರು. ಗೆಳೆಯ ಮೋರಿಯ ಬಾಯಿಗೆ ತನ್ನ ಟವೆಲ್ ಹರವಿ ಹಿಡಿಯಬೇಕು, ನಾನು ಒಳಗಿನ ಕಡೆಯಿಂದ ಕೋಲು ಹಾಕಿ ತಿವಿಯಬೇಕು, ಮೆಲ್ಲಗಲ್ಲ, ಕಳ್ಳನಿಗೆ ತಿವಿದ ಹಾಗೆ. ಮೊದಲ ಸಲ ಬರೀ ರಾಡಿ ಬಂತು. ಖಾಲಾ ಬೈದರು. ಎರಡನೇ ಸಲ ಒಂದು ಏಡಿ ಬಂದು ಗೆಳೆಯನ ಬೆರಳು ಕಚ್ಚಿತು. ಅವನ ಕೂಗು ಕೇಳಿ ಇನ್ನೂ ಜೋರಾಗಿ ಬೈದರು. ಆ ದನಿ ಆಗ ಓಣಿಯ ಆ ತುದಿಗೂ ಕೇಳುವಷ್ಟಿತ್ತು. ಮೂರನೇ ಸಲ ಟವೆಲ್ ಒಮ್ಮೆಲೇ ಭಾರವಾಗಿ ಪಟಪಟ ಬಡಿದುಕೊಂಡಿತು. ಅಂಗೈಯಗಲದ ಮೂರು ಜಿಲೇಬಿ ಮೀನು. ಗೆಳೆಯ ಟವೆಲನ್ನು ಎದೆಗೆ ಅವಚಿಕೊಂಡು ದಂಡೆಯವರೆಗೆ ಓಡಿದ, ಈ ಸಲ ಎಲ್ಲರ ಪಡಸಾಲೆಗಳನ್ನೂ ತುಳಿದುಕೊಂಡು.

ನವನಗರದ ಮನೆಗೆ ಬರಿಗಾಲಲ್ಲಿ, ಕೆಸರು ಮೆತ್ತಿದ ಮೈಯಲ್ಲಿ ಬಂದು ನಿಂತಾಗ ಹಾಸಿಗೆ ಖಾಲಿ ಇತ್ತು. ಗೆಳೆಯ ಅಮ್ಮಾ ಎಂದು ಕೂಗಿದ. ಅಡುಗೆಮನೆಯಿಂದ ಬಳೆ ಸದ್ದು ಬಂತು. ಖಾಲಾ ಗೋಡೆಗೆ ಆತು ಕುಳಿತು ಬಳ್ಳೊಳ್ಳಿ ಸುಲಿಯುತ್ತಿದ್ದರು. ಮೀನು ಮೂಸಿ ನೋಡಿ ಸೊಸೆಯ ಕೈಗೆ ಕೊಟ್ಟರು. ಆಮೇಲೆ ನಮ್ಮ ಕಾಲು ನೋಡಿ ಚಪ್ಪಲಿ ಎಲ್ಲಿ ಎಂದು ಕೇಳಿದರು. ಎದುರು ಮನೆಯ ಮೆಟ್ಟಿಲ ಬಳಿ ಬಿಟ್ಟೆವು ಎಂದ ಗೆಳೆಯ. ಅವರು ಕೆಮ್ಮು ಬರುವವರೆಗೆ ನಕ್ಕರು.

ಸಾರು ಆಯಿತು. ಜೋಳದ ರೊಟ್ಟಿಯ ಒಂದು ಚೂರು ಮುರಿದು ಸಾರಿನಲ್ಲಿ ಅದ್ದಿ, ಮೀನಿನ ತುಣುಕು ಇಟ್ಟು ಖಾಲಾ ಬಾಯಿಗೆ ಹಾಕಿಕೊಂಡರು. ನಾನು, ಗೆಳೆಯ, ಅವನ ಹೆಂಡತಿ ಮೂವರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು. ಬಹಳ ಹೊತ್ತು ಅಗಿದರು. ಹುಬ್ಬು ಗಂಟಿಕ್ಕಿದರು.

"ಉಪ್ಪ ಕಡಿಮಿ ಆಗೇತಿ" ಎಂದರು.

ಬೇರೆ ದಿನ ಆ ಮಾತಿಗೆ ಮುಖ ಊದಿಸುತ್ತಿದ್ದ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಗೆಳೆಯ ನೀರಿನ ತಂಬಿಗೆ ಉರುಳಿಸಿಕೊಂಡು ಎದ್ದು ಓಡಿ, ಉಪ್ಪಿನ ಡಬ್ಬಿಯನ್ನೇ ಎತ್ತಿ ತಂದ. ತಂದವನು ಅದನ್ನು ಎರಡೂ ಕೈಯಲ್ಲಿ ಹಿಡಿದು ತಾಯಿಯ ಮುಂದೆ ಸುಮ್ಮನೆ ನಿಂತುಬಿಟ್ಟ.

"ಹಾಕೋ, ನೋಡ್ಕೋತ ಏನ ನಿಂತಿ" ಎಂದು ಖಾಲಾ ತಾಟು ಮುಂದೆ ಚಾಚಿದರು.