ಫ್ರೀಜರಿನಲ್ಲಿಟ್ಟ ಎರಡು ರೂಪಾಯಿ

ನನ್ನ ಬಲಮಂಡಿಯ ಆಪರೇಷನ್ನಿಗೆ ದಿನ ಗೊತ್ತಾದಾಗ ನನಗೆ ಚಿಂತೆ ಹತ್ತಿದ್ದು ಡಾಕ್ಟರರ ಕತ್ತರಿಯದಲ್ಲ, ಗಂಡನ ಹೊಟ್ಟೆಯದು. ಆರು ವಾರ ಒಲೆಯ ಮುಂದೆ ನಿಲ್ಲಬಾರದು ಎಂದಿದ್ದರು. ಆರು ವಾರ ಈ ಮನುಷ್ಯ ಏನು ತಿನ್ನುತ್ತಾನೆ? ಅದರ ಹಿಂದೆ ಇನ್ನೊಂದು ಪ್ರಶ್ನೆಯೂ ಇತ್ತು, ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಆಪರೇಷನ್ ಟೇಬಲ್ಲಿನಿಂದ ನಾನು ಏಳದೇ ಹೋದರೆ ಆಮೇಲೆ ಏನು ತಿನ್ನುತ್ತಾನೆ?

ಇವರು ದಾದರಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತೈದು ವರ್ಷ ಕೂತವರು. ಊಟ, ತಿಂಡಿ, ಚಾ ಎಲ್ಲ ಕೂತಲ್ಲಿಗೇ ಬರುತ್ತಿತ್ತು. ರಿಟೈರಾಗಿ ಸಾಂತಾಕ್ರೂಜಿನ ನಮ್ಮ ಫ್ಲ್ಯಾಟಿನಲ್ಲಿ ಕೂತ ಮೇಲೂ ಅದೇ ಕ್ರಮ, ಗಲ್ಲಾ ಮಾತ್ರ ಇಲ್ಲ. ಅಡುಗೆಮನೆಗೆ ಇವರು ಬರುತ್ತಿದ್ದದ್ದು ಮೂಸುವುದಕ್ಕೆ. ಹೋಟೆಲಿನಲ್ಲಿ ಮಧ್ಯಾಹ್ನ ದಾಟಿದ ಮೇಲೆ ಭಟ್ಟರು ಸಾಂಬಾರಿನ ಸೌಟನ್ನು ಗಲ್ಲಾಕ್ಕೆ ತಂದು ಇವರ ಮೂಗಿನ ಕೆಳಗೆ ಹಿಡಿಯುತ್ತಿದ್ದರಂತೆ. ಹುಳಿ ತಿರುಗುವ ಮೊದಲೇ ಇವರಿಗೆ ಗೊತ್ತಾಗುತ್ತಿತ್ತಂತೆ. ಆ ಮೂಗಿನ ಜಂಬವನ್ನು ಮದುವೆಯಾದಂದಿನಿಂದ ಕೇಳುತ್ತಾ ಬಂದಿದ್ದೇನೆ.

ಅಂಥವರ ಮುಂದೆ ನಾನು ಆರು ವಾರದ ಅಡುಗೆಯನ್ನು ಮಾಡಿ ಫ್ರೀಜರಿನಲ್ಲಿ ಇಟ್ಟು ಹೋಗುತ್ತೇನೆ ಎಂದಾಗ ಮುಖ ಕಹಿಯಾಯಿತು.

"ನಿನ್ನೆಯದ್ದೇ ಬೇಡ ಅಂತೇನೆ ನಾನು. ನೀನು ಹೋದ ತಿಂಗಳಿದ್ದು ತಿನ್ಸ್ಲಿಕ್ಕೆ ಹೊರಟಿದ್ದಿಯಲ್ಲ ಮಾರಾಯ್ತಿ!"

"ಅದು ತಂಗಳಲ್ಲ. ಗಟ್ಟಿ ಹೆಪ್ಪಾದದ್ದು ಹಾಳಾಗುದಿಲ್ಲ."

"ಗಟ್ಟಿಯಾದ್ದಕ್ಕೆ ವಾಸನೆಯೇ ಇಲ್ಲ. ವಾಸನೆ ಇಲ್ಲದ್ದನ್ನು ಎಂತ ನೋಡಿ ನಂಬುದು?"

ಈ ಜಗಳವನ್ನು ಬಿಡಿಸಿದ್ದು ಠಾಣೆಯಲ್ಲಿರುವ ಮಗಳು. ಯಾವುದನ್ನು ಎಷ್ಟು ದಿನ ಇಡಬಹುದು ಎಂದು ಫೋನಿನಲ್ಲಿ ಒಂದು ಪಟ್ಟಿ ಕಳಿಸಿದಳು. ಬೇಯಿಸಿದ ಸಾರು, ಹುಳಿಗಳಿಗೆ ಎರಡು ಮೂರು ತಿಂಗಳು. ತೆಂಗಿನಕಾಯಿ ಅರೆದು ಹಾಕಿದ್ದನ್ನು ಒಂದೂವರೆ ತಿಂಗಳೊಳಗೆ ಮುಗಿಸಿದರೆ ಒಳ್ಳೆಯದು. ಅದರಾಚೆ ಇಟ್ಟರೂ ಫ್ರೀಜರ್ ಬಿಡದೆ ನಡೆಯುತ್ತಿದ್ದರೆ ಹೊಟ್ಟೆಗೆ ತೊಂದರೆಯಿಲ್ಲ, ರುಚಿ ಸಪ್ಪಗಾಗುತ್ತದೆ ಅಷ್ಟೆ. ಅಪಾಯ ಇರುವುದು ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದರಲ್ಲಿ.

"ಕರೆಂಟ್ ಹೋಗಿ ಬಂದ್ರೆ ಪತಾ ಹೀ ನಹೀ ಚಲ್ತಾ, ಗೊತ್ತೇ ಆಗುದಿಲ್ಲ ಅಮ್ಮ. ಅದಕ್ಕೆ ಒಂದು ಕಟೋರಿಯಲ್ಲಿ ನೀರು ಐಸ್ ಮಾಡು. ಅದರ ಮೇಲೆ ಒಂದು ಕಾಯಿನ್ ಇಡು. ಕಾಯಿನ್ ಮೇಲೆ ಇದ್ರೆ ಸಬ್ ಠೀಕ್. ಒಳಗೆ ಹೋದ್ರೆ ಎಲ್ಲಾ ಫೇಕ್ ದೋ, ಬಿಸಾಡಿಬಿಡು."

ನಾಣ್ಯದ ಮಾತು ಗಲ್ಲಾದ ಮನುಷ್ಯನಿಗೆ ಹಿಡಿಸಿತು. ಜೇಬಿನಿಂದ ಎರಡು ರೂಪಾಯಿಯ ನಾಣ್ಯ ತೆಗೆದು ತಾವೇ ಕೊಟ್ಟರು.

ಮೂರು ವಾರ ನಾನು ಆ ಕೆಟ್ಟ ಮಂಡಿಯ ಮೇಲೆ ನಿಂತು ಅಡುಗೆ ಮಾಡಿದೆ. ಎರಡು ಬಗೆ ಹುಳಿ, ಟೊಮೆಟೊ ಸಾರು, ಹೆಸರುಬೇಳೆ ತೊವ್ವೆ, ಇವರಿಗೆ ಪ್ರಾಣವಾದ ಕಡಲೆ ಮನೋಳಿ, ಅಂದರೆ ಕಡಲೆ ಹಾಕಿದ ತೊಂಡೆಕಾಯಿ ಪಲ್ಯ. ಮೊದಲ ಸಲ ಹುಳಿಗೆ ಆಲೂಗಡ್ಡೆ ಹಾಕಿ ಬೇಸ್ತು ಬಿದ್ದೆ. ಪರೀಕ್ಷೆಗೆಂದು ಒಂದು ಡಬ್ಬಿ ಕರಗಿಸಿ ನೋಡಿದರೆ ಹೋಳುಗಳು ಪಾತ್ರೆ ತೊಳೆಯುವ ಸ್ಪಂಜಿನಂತೆ ಆಗಿದ್ದವು. ಇನ್ನೊಮ್ಮೆ ಡಬ್ಬಿಯ ಕಂಠದವರೆಗೆ ಸಾರು ತುಂಬಿದೆ, ಅದು ಗಟ್ಟಿಯಾಗುವಾಗ ಉಬ್ಬಿ ಮುಚ್ಚಳ ಎಬ್ಬಿಸಿತು. ಕಲಿತೆ. ಕೊನೆಗೆ ಹದಿನೆಂಟು ಡಬ್ಬಿ ಸಾಲಾಗಿ ಕೂತವು, ಅದರಲ್ಲಿ ನಾಲ್ಕು ಕಡಲೆ ಮನೋಳಿ. ಒಂದೊಂದರ ಮೇಲೂ ಕಾಗದ ಅಂಟಿಸಿ ಹೆಸರು, ತಾರೀಕು ಬರೆದೆ. ಇಷ್ಟು ನೆಮ್ಮದಿಯಿಂದ ನಾನು ಯಾವ ತಿಜೋರಿಯನ್ನೂ ಮುಚ್ಚಿರಲಿಲ್ಲ.

ಆಸ್ಪತ್ರೆಯಲ್ಲಿ ಆರು ದಿನ ಇದ್ದೆ. ಹಗಲೂ ರಾತ್ರಿ ಮಗಳು ಜೊತೆಗಿದ್ದಳು. ಹೊರಗೆ ಜುಲೈ ತಿಂಗಳ ಮಳೆ. ಇವರು ಸಂಜೆ ಛತ್ರಿ ಹಿಡಿದುಕೊಂಡು ಬಂದು ಅರ್ಧ ಗಂಟೆ ಕೂತು ಹೋಗುತ್ತಿದ್ದರು.

"ಮನೆಯಲ್ಲಿ ಕರೆಂಟ್ ಉಂಟಾ?" ಎಂದು ದಿನಾ ಕೇಳುತ್ತಿದ್ದೆ.

"ಉಂಟು, ಉಂಟು." ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದರು.

"ಡಬ್ಬಿ ತೆಗ್ದು ತಿಂತಾ ಇದ್ದೀರಾ?"

"ಕಡಲೆ ಮನೋಳಿ ಎಲ್ಲ ಮುಗಿಸಿದೆ. ಲಾಯ್ಕಿತ್ತು."

ನಾಲ್ಕು ಡಬ್ಬಿಯನ್ನು ನಾಲ್ಕು ದಿನದಲ್ಲಿ ಮುಗಿಸಿದರಲ್ಲ ಎಂದು ಸಿಟ್ಟೂ ಬಂತು, ಖುಷಿಯೂ ಆಯಿತು. ಇವರ ಶರಟಿನಿಂದ ಇಂಗಿನ ಘಮ ಬರುತ್ತಿತ್ತು. ಹಳೆಯ ಹೋಟೆಲಿಗೆ ಹೋಗಿ ಕೂತಿರಬೇಕು ಅಂದುಕೊಂಡೆ. ತೋರುಬೆರಳಿಗೆ ಬೊಬ್ಬೆ ಎದ್ದಿತ್ತು. ಕೇಳಿದ್ದಕ್ಕೆ ಇಸ್ತ್ರಿಪೆಟ್ಟಿಗೆ ತಾಗಿತು ಎಂದರು. ಇವರು ಇಸ್ತ್ರಿ ಹಾಕುವುದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ, ಆದರೆ ನೋವಿನ ಮಾತ್ರೆಯ ಮಂಪರಿನಲ್ಲಿ ಅದು ತಲೆಗೆ ಹೋಗಲಿಲ್ಲ.

ಮನೆಗೆ ಬಂದ ದಿನ ವಾಕರ್ ಹಿಡಿದುಕೊಂಡು ಮೊದಲು ಹೋದದ್ದು ಫ್ರಿಜ್ಜಿನ ಹತ್ತಿರ. ಬಾಗಿಲು ತೆಗೆದೆ. ಬಟ್ಟಲಿನ ಮಂಜಿನ ಮೇಲೆ ನಾಣ್ಯ ಕೂತಿತ್ತು. ಕೆಳಗೆ ಹದಿನಾಲ್ಕು ಡಬ್ಬಿ, ನನ್ನದೇ ಅಕ್ಷರ. ಆಮೇಲಷ್ಟೇ ಹಾಸಿಗೆಗೆ ಹೋಗಿ ಕಾಲು ಚಾಚಿದೆ.

ಇವರು ಅನ್ನಕ್ಕೆ ಕುಕ್ಕರ್ ಇಡುತ್ತಿದ್ದರು, ಎರಡು ಮೂರು ದಿನಕ್ಕೊಂದು ಡಬ್ಬಿ ಕರಗಿಸಿ ಚೆನ್ನಾಗಿ ಕುದಿಸಿ ತರುತ್ತಿದ್ದರು. ನಾನು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. "ನೋಡಿ, ತಿಂಗಳಾಯ್ತು ಮಾಡಿ. ಎಂತ ರುಚಿ ಹೋಗಿದೆ ಹೇಳಿ?" ಹುಳಿ ಸ್ವಲ್ಪ ಸಿಹಿ ಅನಿಸುತ್ತಿತ್ತು. ತಣ್ಣಗೆ ಇಟ್ಟರೆ ಬೆಲ್ಲ ಮುಂದೆ ಬರುತ್ತದೆ ಎಂದು ನಾನೇ ಒಂದು ಶಾಸ್ತ್ರ ಹುಟ್ಟಿಸಿ ಮಗಳಿಗೂ ಫೋನಿನಲ್ಲಿ ಹೇಳಿದೆ. ಎದುರು ಫ್ಲ್ಯಾಟಿನವರು ನೋಡಲು ಬಂದಾಗ ಅವರಿಗೂ ಹೇಳಿದೆ. ಇವರು ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಕೂತಿದ್ದರು.

ಆರನೆಯ ವಾರದ ಭಾನುವಾರ, ಕೋಲು ಹಿಡಿದು ನಡೆಯುವಷ್ಟಾಗಿದ್ದೆ. ಫ್ರೀಜರಿನಲ್ಲಿ ಒಂದೇ ಡಬ್ಬಿ ಉಳಿದಿತ್ತು. ಬದಿಗೆ ಕಟ್ಟಿದ್ದ ಮಂಜನ್ನು ಇಳಿಸೋಣ ಎಂದು ಆ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಫ್ರಿಜ್ ಆಫ್ ಮಾಡಿ, ನಾಣ್ಯದ ಬಟ್ಟಲನ್ನು ಸಿಂಕಿನಲ್ಲಿಟ್ಟು ನಲ್ಲಿ ಬಿಟ್ಟೆ. ಮೇಲಿನ ನಾಣ್ಯ ಜಾರಿ ಬಂತು. ಮಂಜು ಕರಗಿತು. ಬಟ್ಟಲಿನ ತಳದಲ್ಲಿ ಇನ್ನೊಂದು ನಾಣ್ಯ.

ಎರಡನ್ನೂ ಅಂಗೈಯಲ್ಲಿಟ್ಟು ನೋಡಿದೆ. ಮೇಲೆ ಇದ್ದದ್ದು ಐದು ರೂಪಾಯಿಯದು. ತಳದಲ್ಲಿದ್ದದ್ದು ನಾನಿಟ್ಟ ಎರಡು ರೂಪಾಯಿ. ನನ್ನ ನಾಣ್ಯ ಮುಳುಗಿತ್ತು, ಅಂದರೆ ನನ್ನ ಅಡುಗೆಯೆಲ್ಲ ಕರಗಿಹೋಗಿತ್ತು. ಹಾಗಾದರೆ ಇಷ್ಟು ದಿನ ನಾನು ತಿಂದದ್ದೇನು?

ಹಾಲಿಗೆ ಹೋಗಿ ಇವರ ಪೇಪರಿನ ಮೇಲೆ ಎರಡೂ ನಾಣ್ಯ ಇಟ್ಟೆ. ಇವರು ನಾಣ್ಯಗಳನ್ನು ಬದಿಗೆ ಸರಿಸಿದರು.

"ನಿನ್ನ ಆಪರೇಷನ್ ದಿನವೇ ಕೆಳಗೆ ಮಳೆನೀರು ತುಂಬಿ ಕರೆಂಟ್ ಹೋಯ್ತು. ಒಂದೂವರೆ ದಿನ ಬರ್ಲಿಲ್ಲ."

"ಬಾಗಿಲು ತೆಗೀದಿದ್ರೆ ಒಂದೂವರೆ ದಿನ ತಡೀತಿತ್ತು!"

"ತೆಗ್ದೆ." ತಲೆ ಕೆಳಗೆ ಹಾಕಿದರು. "ನಾಣ್ಯ ಮೇಲೆ ಉಂಟಾ ಅಂತ ಅರ್ಧರ್ಧ ಗಂಟೆಗೆ ತೆಗ್ದು ನೋಡ್ತಾ ಇದ್ದೆ."

ಕೊನೆಗೆ ನಾಣ್ಯ ಮುಳುಗಿತು. ಹದಿನೆಂಟು ಡಬ್ಬಿಯನ್ನೂ ಒಂದೊಂದಾಗಿ ಮೂಸಿದರಂತೆ. ಒಂದಕ್ಕೂ ಕೆಟ್ಟ ವಾಸನೆ ಇರಲಿಲ್ಲ. ಆದರೂ ಆ ಜಂಬದ ಮೂಗನ್ನು ಬದಿಗಿಟ್ಟು ನಾಣ್ಯದ ಮಾತು ಕೇಳಿ ಎಲ್ಲವನ್ನೂ ಚೆಲ್ಲಿದರಂತೆ. ನನ್ನ ಕಾಗದಗಳನ್ನು ಹಾಗೇ ಬಿಟ್ಟು ಡಬ್ಬಿ ತೊಳೆದು, ಹೋಟೆಲಿನ ಹಳೆಯ ಭಟ್ಟರಿಗೆ ಫೋನು ಹಚ್ಚಿ ಒಲೆಯ ಪಕ್ಕ ನಿಲ್ಲಿಸಿಕೊಂಡು, ಮೂರು ದಿನದಲ್ಲಿ ಹುಳಿ, ಸಾರು, ತೊವ್ವೆ ಎಲ್ಲ ಮಾಡಿ ತುಂಬಿಸಿದ್ದಾರೆ. ಕಡಲೆ ಮನೋಳಿ ಎರಡು ಸಲ ತಳ ಹಿಡಿಯಿತಂತೆ, ಅದಕ್ಕೆ ತಿಂದು ಮುಗಿಸಿದೆ ಎಂದದ್ದು. ಕರೆಂಟ್ ಬಂದು ಮತ್ತೆ ಹೆಪ್ಪಾದ ಬಟ್ಟಲಿನಿಂದ ನನ್ನ ನಾಣ್ಯ ಬಿಡಿಸಲಾಗದೆ ಮೇಲೊಂದು ಇಟ್ಟಿದ್ದರು.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಆ ವಾಕರ್ ಹಿಡ್ಕೊಂಡು ಒಲೆ ಹತ್ರ ಬಂದು ನಿಲ್ತಿದ್ದಿ. ನಂಗೊತ್ತಿಲ್ವಾ ನಿನ್ನನ್ನು?"

ಸುಳ್ಳಲ್ಲ. ಬಂದೇ ಬರುತ್ತಿದ್ದೆ. ನಾನು ಎದುರು ಫ್ಲ್ಯಾಟಿನವರ ಮುಂದೆ ಕೊಚ್ಚಿಕೊಂಡದ್ದೆಲ್ಲ ಒಮ್ಮೆಗೇ ನೆನಪಾಗಿ ನಾಚಿಕೆಯಾಯಿತು, ಆಮೇಲೆ ನಗು ಬಂತು, ಆಮೇಲೆ ಕಣ್ಣು ತುಂಬಿತು. ನಾನಿಲ್ಲದಿದ್ದರೆ ಈ ಮನುಷ್ಯ ಏನು ತಿನ್ನುತ್ತಾನೆ ಎಂದು ಹೆದರಿ ಮೂರು ವಾರ ಮಂಡಿ ಸವೆಸಿದ್ದೆ. ಅದೇ ಮನುಷ್ಯ ಬೆರಳು ಸುಟ್ಟುಕೊಂಡು ಐದು ವಾರ ನನಗೆ ಉಣಿಸಿದ್ದ.

"ಬೆಲ್ಲ ಜಾಸ್ತಿ ಹಾಕ್ತೀರಿ," ಎಂದೆ.

"ಭಟ್ಟರು ಅಷ್ಟೇ ಹೇಳಿದ್ದು."

ಟವೆಲಿನಲ್ಲಿ ಸುತ್ತಿಟ್ಟ ಕೊನೆಯ ಡಬ್ಬಿಯನ್ನು ಬಿಸಿ ಮಾಡಲೆಂದು ಇವರು ಎದ್ದರು. ಬೇಡ ಎಂದೆ. ಅದು ಇನ್ನೂ ಗಟ್ಟಿಯಿದೆ, ಫ್ರಿಜ್ ಆನ್ ಮಾಡಿ ಒಳಗಿಡಿ, ನಾಳೆಗಿರಲಿ, ಇವತ್ತು ಹೊಸದಾಗಿ ಮಾಡಿ ಎಂದೆ. ಬೇಳೆಯ ಡಬ್ಬ ಯಾವ ಕಪಾಟಿನಲ್ಲಿದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇವರೇ ಕೈಯೆತ್ತಿ ತೆಗೆದರು. ನಾನು ಅಡುಗೆಮನೆಯ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಸುಮ್ಮನೆ ಕೂತೆ.